ನಾಟಕಕ್ಕೆ ನುಡಿಸೋರ ಕಷ್ಟ, ನನ್ನ ಅನುಭವ

ಬೆಂಗಳೂರಲ್ಲಿ ಹವ್ಯಾಸಿ ತಂಡಗಳ ನಾಟಕಕ್ಕೆ ಹಾರ್ಮೋನಿಯಂ, ಕೀಬೋರ್ಡ್ ನುಡಿಸ್ತೀನಿ. ನಿಮಗೇನ್ರೀ ಪುಕ್ಸಟ್ಟೆ ನಾಟಕ ನೋಡಬೋದು ಅಂತಾರೆ ಜನ. ನೋಡೋದೆಲ್ಲಿ ಬಂತು, ನಾನೇ ನುಡಿಸಿದ ಎಷ್ಟೋ ನಾಟಕಗಳ ಸೆಟ್ ಮುಂದಿಂದ ಹೆಂಗಿತ್ತು ಅಂತ ಆಮೇಲೆ ಫೋಟೋದಲ್ಲಿ ನೋಡಿದೀನಿ ಅಷ್ಟೇ.

ಕಂಪನಿ ನಾಟಕದ ಕಾಲದಲ್ಲಿ ಲೆಗ್ ಹಾರ್ಮೋನಿಯಂ (ಕಾಲಲ್ಲಿ ತುಳಿದು ನುಡಿಸೋದು) ಮೇಷ್ಟ್ರು ಸ್ಟೇಜ್ ಮುಂದೇನೇ ಪಿಟ್ಟಲ್ಲಿ, ಅಂದ್ರೆ ತಗ್ಗಲ್ಲಿ ಕೂರೋರು, ನಟನ ಮುಖ ನೇರ ಕಾಣೋದು, ಒನ್ಸ್ ಮೋರ್ ಬಿದ್ರೆ ಕಣ್ಸನ್ನೇಲೇ ಮತ್ತೆ ಎತ್ಕೊಳೋರು. ಈಗ ನಮ್ಮನ್ನ ಹೆಚ್ಚಾಗಿ ವಿಂಗಿಗೆ, ಅಂದ್ರೆ ಸ್ಟೇಜ್ ಪಕ್ಕದ ಮರೆಗೆ ತಳ್ತಾರೆ. ರಂಗಶಂಕರ ಥಿಯೇಟರಲ್ಲಂತೂ ಸ್ಟೇಜೇ ಮುಂದಕ್ಕೆ ಚಾಚ್ಕೊಂಡಿದೆ, ಮೂರು ಕಡೆ ಪ್ರೇಕ್ಷಕರು, ಮುಂದೆ ಕೂರೋ ಮಾತೇ ಇಲ್ಲ. ವಿಂಗಿಂದ ಕಾಣೋದು ನಟನ ಬೆನ್ನು, ಅದೂ ಯಾರೂ ಅಡ್ಡ ನಿಂತಿಲ್ದಿದ್ರೆ.

ಮೊದಮೊದಲು ಸ್ಕ್ರಿಪ್ಟ್ ಜೆರಾಕ್ಸಲ್ಲಿ ಕ್ಯೂ ಮಾತಿಗೆ (ಯಾವ ಮಾತು ಕೇಳಿ ನಾವು ಶುರು ಮಾಡ್ಬೇಕೋ ಅದಕ್ಕೆ) ಗೆರೆ ಹಾಕ್ಕೊತಿದ್ದೆ, ಆದ್ರೆ ಶೋ ದಿನ ನಮ್ಮ ನಟರು ಆ ಸಾಲನ್ನ ಬಿಟ್ಟು ಬೇರೆಲ್ಲಾ ಹೇಳ್ತಾರೆ. ಅದಕ್ಕೇ ಈಗ ಮಾತಿನ ಜೊತೆ ಮೂವ್‌ಮೆಂಟೂ ಬರ್ಕೊತೀನಿ, ಮುದುಕಿ ಕೊಡ ಕೆಳಗಿಟ್ಟಾಗ, ಗೌಡ ಎದ್ದು ನಿಂತಾಗ, ಹಿಂಗೆ. ಡೈಲಾಗ್ ಕೆಳಗೆ ಬರೋ ಮ್ಯೂಸಿಕ್ಕನ್ನ ತಾಳದ ಯಾವ ಸುತ್ತಿನ ಕೊನೇಲಾದ್ರೂ ನಿಲ್ಲಿಸೋ ಥರ ಚಿಕ್ಕದಾಗಿ ಕಟ್ಕೊಂಡಿರ್ತೀನಿ, ಜನ ನಕ್ರು ಅಂತ ನಟ ಎಳೀತಾ ಹೋದ್ರೆ ನಾವೂ ಸುಮ್ನೆ ರೌಂಡ್ ಹೊಡೀತಿರ್ತೀವಿ.

ಇನ್ನು ಶ್ರುತಿ. ಪ್ರಾಕ್ಟೀಸಲ್ಲಿ ಕಪ್ಪು ಎರಡರಲ್ಲಿ, ಅಂದ್ರೆ ಎರಡನೇ ಕಪ್ಪು ಮನೆಯನ್ನ ಸ ಅಂತ ಇಟ್ಕೊಂಡು ಹಾಡಿದೋರು ಶೋ ದಿನ ಗಂಟಲು ಕಟ್ಟಿದೆ, ಸ್ವಲ್ಪ ಇಳಿಸಿ ಸರ್ ಅಂತಾರೆ. ಕೀಬೋರ್ಡಿಗೆ ಶ್ರುತಿ ಏರಿಸಿ ಇಳಿಸೋ ಟ್ರಾನ್ಸ್‌ಪೋಸ್ ಬಟನ್ ಇದೆ ಸರಿ, ಕೊಳಲಿನವನು ಬೇರೆ ಕೊಳಲೇ ತೆಗೀಬೇಕು, ತಬಲದವನು ಸುತ್ತಿಗೆ ಹಿಡಿದು ಟಕ್ ಟಕ್ ಅಂದ್ರೆ ಸ್ಟೇಜ್ ಮೇಲೆ ಯಾರೋ ಸಾಯ್ತಿರೋ ಸೀನಲ್ಲಿ ಅದೇ ಕೇಳತ್ತೆ. ಮಳೆಗಾಲದಲ್ಲಿ ಥಂಡಿಗೆ ಚರ್ಮ ಸಡಿಲ ಆಗಿ ತಬಲ ತಾನೇ ಇಳಿಯತ್ತೆ, ಅದು ಇನ್ನೊಂದು ಗೋಳು. ಬೇರೆ ಬೇರೆ ಶ್ರುತಿಗೆ ಎರಡು ತಬಲ ಇಟ್ಕೊಂಡು ಬಾರಪ್ಪ ಅಂತ ಮೊದಲೇ ಹೇಳ್ಬಿಡ್ತೀನಿ. ನನ್ನ ಹಳೇ ಹಾರ್ಮೋನಿಯಂ ಈಗಿನ ಸ್ಟ್ಯಾಂಡರ್ಡ್ ಶ್ರುತಿ 440 ಹರ್ಟ್ಸ್‌ಗಿಂತ ಚೂರು ಮೇಲಿದೆ, ಒಳಗಿನ ರೀಡ್ (ದನಿ ಹೊರಡಿಸೋ ಲೋಹದ ಪಟ್ಟಿ) ಅಲ್ಲೇ ಕೂತು ಕೆರೆದು ಸರಿ ಮಾಡೋಕಾಗಲ್ಲ, ಹಂಗಾಗಿ ಕೀಬೋರ್ಡಿನ ಟ್ಯೂನಿಂಗನ್ನೇ ಅದಕ್ಕೆ ಸರಿಯಾಗಿ ಏರಿಸ್ತೀನಿ.

ಲೈಟಿನೋರ ಜೊತೆ ಜಗಳ ಇದ್ದದ್ದೇ. ನೋಟ್ಸ್ ಓದೋಕೆ ಕ್ಲಿಪ್ ಲೈಟ್ ಹಾಕಿದ್ರೆ ರೀ ಆಫ್ ಮಾಡ್ರೀ, ಬ್ಲಾಕೌಟ್ ಹಾಳಾಗತ್ತೆ ಅಂತ ಕೂಗ್ತಾರೆ. ಅವರ ಹತ್ರಾನೇ ಲೈಟಿಗೆ ಬಣ್ಣ ಕೊಡೋ ನೀಲಿ ಜೆಲಟಿನ್ ಹಾಳೆ ಚೂರು ಇಸ್ಕೊಂಡು ಅಂಟಿಸಿದ್ಮೇಲೆ ಸುಮ್ನಾದ್ರು.

ನಿಜವಾಗ್ಲೂ ಬೇಜಾರಾಗೋದು ಸೌಂಡ್ ಚೆಕ್ಕಲ್ಲಿ. ಬೆಳಗ್ಗಿಂದ ಸಂಜೆತಂಕ ಲೈಟ್ ಮಾರ್ಕಿಂಗ್, ನಮಗೆ ಟೈಮ್ ಸಿಗೋದು ಜನ ಒಳಗೆ ಬರೋ ಹೊತ್ತಿಗೆ. ಮಾನಿಟರ್ (ನಮಗೆ ಕೇಳೋಕೆ ನಮ್ಮ ಕಡೆ ತಿರುಗಿಸಿಡೋ ಸ್ಪೀಕರ್) ಕೇಳಿದ್ರೆ ಎಲ್ಲಾ ಸ್ಪೀಕರ್ ಪ್ರೇಕ್ಷಕರ ಕಡೆಗೇ ಇಟ್ಟಿದೀವಿ ಅಂದ್ರು ಒಂದು ಕಡೆ, ಹಾಡೋರ ದನಿ ನಮಗೆ ಗೋಡೆಗೆ ಬಡಿದು ತಡವಾಗಿ ಬರ್ತಿತ್ತು, ಅದನ್ನ ನಂಬಿದ್ರೆ ತಾಳ ಹಿಂದೆ ಬೀಳತ್ತೆ. ಆಮೇಲಿಂದ ನಂದೇ ಪುಟ್ಟ ಸ್ಪೀಕರ್ ತಗೊಂಡು ಹೋಗ್ತೀನಿ, ಮಿಕ್ಸರಿಂದ ಒಂದು ಲೈನ್ ಕೊಡಿ ಸಾಕು ಅಂತೀನಿ.

ಈಗ ಯಾವ ಡೈರೆಕ್ಟರ್ ಫೋನ್ ಮಾಡಿದ್ರೂ ನಾನು ಮೊದಲು ಕೇಳೋದು ಸಂಭಾವನೆ ಅಲ್ಲ, ನಮ್ಮನ್ನ ಎಲ್ಲಿ ಕೂರಿಸ್ತೀರಾ ಸರ್ ಅಂತ. ಸೆಟ್ ಪ್ಲಾನಲ್ಲೇ ನಮ್ಮ ಜಾಗ ಬರೀಲಿಲ್ಲ ಅಂದ್ರೆ ಕೊನೆಗೆ ನಾಟಕದ ಸಾಮಾನಿಡೋ ಪ್ರಾಪರ್ಟಿ ಟೇಬಲ್ ಪಕ್ಕಾನೇ ಗತಿ, ಕತ್ತಿ ಗುರಾಣಿ ಎತ್ಕೊಳೋಕೆ ಬರೋ ಸೈನಿಕರೆಲ್ಲ ನನ್ನ ವೈರ್ ತುಳ್ಕೊಂಡೇ ಹೋಗೋದು.