ಮಸಾಜ್ ಥೆರಪಿ ಸಂದರ್ಶನ: ಕಣ್ಣು ಮುಚ್ಚಿ ಮಲಗಿದವರಿಗೆ ಏನು ಕಾಣುತ್ತದೆ?

ಮಸಾಜ್ ಥೆರಪಿಸ್ಟ್ ಹುದ್ದೆಯ ಸಂದರ್ಶನದಲ್ಲಿ ಬೇರೆ ಕೆಲಸಗಳಿಗಿಲ್ಲದ ಒಂದು ಘಟ್ಟವಿದೆ. ಮಾತುಕತೆ ಮುಗಿದ ಮೇಲೆ ಬಹಳಷ್ಟು ಕಡೆ ಸಂದರ್ಶಕರೇ ಮೇಜಿನ ಮೇಲೆ ಮಲಗಿ, ‘ಶುರು ಮಾಡಿ’ ಎನ್ನುತ್ತಾರೆ. ಅಲ್ಲಿಂದ ಮುಂದೆ ನಿಮ್ಮ ಇಸ್ತ್ರಿಯ ಅಂಗಿಯೂ ಪ್ರಮಾಣಪತ್ರವೂ ಅವರ ಕಣ್ಣಿಗೆ ಬೀಳುವುದಿಲ್ಲ. ತಿಳಿಯುವುದು ನಿಮ್ಮ ಅಂಗೈಯ ಬಿಸುಪು, ಒತ್ತಡದ ಹದ, ಹೊದಿಕೆ ಸರಿಸುವ ರೀತಿ. ಕೈಗುಣ ಹುಟ್ಟಿನಿಂದಲೇ ಬರಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದರ ಬಹುಪಾಲು ತಯಾರಿಯಿಂದಲೇ ಬರುತ್ತದೆ.

ಮೊದಲು ಅರ್ಜಿ

‘ಎಲ್ಲ ಬಗೆಯ ಮಸಾಜ್ ಬಲ್ಲೆ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಗಂಟೆಯ ತರಬೇತಿ, ಯಾವ ಪದ್ಧತಿಗಳು, ಎಂಥವರ ಜೊತೆ ಕೆಲಸ ಮಾಡಿದ ಅನುಭವ (ಕ್ರೀಡಾಪಟುಗಳೋ, ಗರ್ಭಿಣಿಯರೋ, ವಯಸ್ಸಾದವರೋ), ಪರವಾನಗಿ ಬೇಕಾದ ಕಡೆ ಅದರ ವಿವರ, ಇಷ್ಟನ್ನು ಒಂದೇ ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ. ಸ್ಪಾ, ಫಿಸಿಯೋಥೆರಪಿ ಕ್ಲಿನಿಕ್, ಕ್ರೀಡಾ ಕೇಂದ್ರ, ಮೂರಕ್ಕೂ ಒಂದೇ ಅರ್ಜಿ ಕಳಿಸಬೇಡಿ. ಬೆನ್ನುನೋವು ವಾಸಿ ಮಾಡುತ್ತೇನೆ, ದೇಹದ ವಿಷವನ್ನು ಹೊರಹಾಕುತ್ತೇನೆ ಎಂಬಂಥ ಮಾತು ಒಂದು ಸಾಲಿನಲ್ಲೂ ಇರಕೂಡದು. ತಿಳಿದವರು ಅರ್ಜಿಯನ್ನು ಅಲ್ಲಿಗೇ ಬದಿಗಿಡುತ್ತಾರೆ.

ಹೊರಡುವ ಮುನ್ನ

ಅಂಗೈಯನ್ನು ನಿಮ್ಮ ಕಡೆ ತಿರುಗಿಸಿ ಹಿಡಿಯಿರಿ. ಬೆರಳ ತುದಿಯಾಚೆ ಉಗುರು ಇಣುಕಿದರೆ ಕತ್ತರಿಸಿ. ಉಂಗುರ, ಗಡಿಯಾರ, ಬಳೆ ಮನೆಯಲ್ಲೇ ಇರಲಿ. ಕೂದಲು ಕಟ್ಟಿಕೊಳ್ಳಿ. ಸುಗಂಧ ಬೇಡವೇ ಬೇಡ. ನಿಮಗೆ ಹಿತವಾದ ಪರಿಮಳ ಇನ್ನೊಬ್ಬರಿಗೆ ತಲೆನೋವಾಗಬಹುದು. ತೋಳು ಎತ್ತಿ ಬಾಗಲು ಅಡ್ಡಿಯಾಗದ ಬಟ್ಟೆ ಸಾಕು.

ಮುಟ್ಟುವ ಮುನ್ನ ಕೇಳಬೇಕಾದದ್ದು

ಹೆಚ್ಚಿನ ಅಭ್ಯರ್ಥಿಗಳು ಅವಸರಪಡುವುದು ಇಲ್ಲಿಯೇ. ಮಲಗಿರುವವರು ಸಂದರ್ಶಕರು, ಅವರಿಗೇನು ಪ್ರಶ್ನೆ ಕೇಳುವುದು ಎಂಬ ಸಂಕೋಚ. ಆ ಸಂಕೋಚ ಬಿಡಿ. ಅವರು ನೋಡಬಯಸುವುದೇ ಅದನ್ನು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದೆಯೇ? ಜ್ವರ, ಚರ್ಮದ ಸೋಂಕು ಇದೆಯೇ? ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ? ರಕ್ತದೊತ್ತಡ ಹತೋಟಿಯಲ್ಲಿದೆಯೇ? ಬಾದಾಮಿಯಂಥ ಬೀಜದ ಎಣ್ಣೆ ಒಗ್ಗುತ್ತದೆಯೇ?

ಒಂದು ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದೆ ಎಂದು ಅವರು ಹೇಳಿದರೆ ‘ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ’ ಎನ್ನುವುದು ಅಪಾಯಕಾರಿ ಉತ್ತರ. ಅದು ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಮಸಾಜ್ ಮಾಡಿದರೆ ಹೆಪ್ಪು ಬಿಡಿಸಿಕೊಂಡು ಶ್ವಾಸಕೋಶಕ್ಕೆ ಹೋಗುವ ಭಯವಿದೆ. ‘ಇವತ್ತು ಮಾಡುವುದಿಲ್ಲ, ತಡಮಾಡದೆ ವೈದ್ಯರನ್ನು ನೋಡಿ’ ಎನ್ನುವ ಧೈರ್ಯ ನಿಮಗಿರಬೇಕು. ನನ್ನ ಮಟ್ಟಿಗೆ, ಬೇಡ ಎನ್ನಬೇಕಾದಾಗ ಬೇಡ ಎಂದವರಿಗೇ ಕೆಲಸ ಸಿಗಬೇಕು.

ಮೇಜಿನ ಬಳಿ

ಮೊದಲು ಮೇಜಿನ ಎತ್ತರ ಸರಿಮಾಡಿಕೊಳ್ಳಿ. ಪಕ್ಕದಲ್ಲಿ ನಿಂತು ಕೈ ಇಳಿಬಿಟ್ಟರೆ ಮುಷ್ಟಿಯ ಗೆಣ್ಣುಗಳು ಮೇಜಿಗೆ ತಾಗುವಷ್ಟು ಎತ್ತರದಿಂದ ಶುರು ಮಾಡಬಹುದು. ಅವರು ಬಟ್ಟೆ ಬದಲಿಸುವಾಗ ಹೊರಗೆ ಹೋಗಿ ಸೋಪು ಹಾಕಿ ಚೆನ್ನಾಗಿ ಕೈ ತೊಳೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 40ರಿಂದ 60 ಸೆಕೆಂಡು. ಮರಳಿ ಬರುವಾಗ ಬಾಗಿಲು ತಟ್ಟಿ, ಉತ್ತರ ಬಂದ ಮೇಲೆ ಒಳಗೆ ಬನ್ನಿ. ಎಣ್ಣೆಯನ್ನು ಅಂಗೈಯಲ್ಲಿ ಬಿಸಿಮಾಡಿಕೊಳ್ಳಿ, ನೇರವಾಗಿ ಬೆನ್ನ ಮೇಲೆ ಸುರಿಯಬೇಡಿ. ಯಾವ ಭಾಗಕ್ಕೆ ಕೆಲಸವೋ ಆ ಭಾಗದ ಹೊದಿಕೆಯನ್ನಷ್ಟೇ ಸರಿಸಿ, ಮುಗಿದೊಡನೆ ಮುಚ್ಚಿ. ಹೊದಿಕೆಯ ವಿಷಯದಲ್ಲಿ ತಡವರಿಸಿದರೆ ಮಲಗಿದವರ ಮೈ ಬಿಗಿಯುತ್ತದೆ. ಆಮೇಲೆ ಎಷ್ಟು ಚೆಂದ ಒತ್ತಿದರೂ ಸಡಿಲವಾಗುವುದು ಕಷ್ಟ.

ಒತ್ತಡ ಸರಿಯಿದೆಯೇ ಎಂದು ಕೇಳಿದರೆ ‘ಹೂಂ’ ಎಂಬ ದಾಕ್ಷಿಣ್ಯದ ಉತ್ತರ ಬರುತ್ತದೆ. ‘ಇನ್ನೂ ಹೆಚ್ಚು ಬೇಕೆ, ಕಡಿಮೆ ಮಾಡಲೆ?’ ಎಂದು ಕೇಳಿ ನೋಡಿ, ನಿಜ ಹೊರಬರುತ್ತದೆ. ಹೆಬ್ಬೆರಳಿನ ಬಲದಿಂದ ಒತ್ತಬೇಡಿ. ಕಾಲು ಅಗಲಿಸಿ ನಿಂತು, ಮೈಭಾರವನ್ನು ಅಂಗೈಗೋ ಮುಂದೋಳಿಗೋ ಇಳಿಸಿ. ಈ ಭಂಗಿಯಿಂದಲೇ ನೀವು ಈ ಕೆಲಸದಲ್ಲಿ ಹಲವು ವರ್ಷ ಬಾಳುತ್ತೀರೋ, ಬೇಗ ಕೈನೋವಿಗೆ ಸಿಕ್ಕುತ್ತೀರೋ ಎಂದು ಅನುಭವಿಗಳು ಅಂದಾಜಿಸುತ್ತಾರೆ. ಕತ್ತಿನ ಮುಂಭಾಗ, ಮೊಣಕಾಲಿನ ಹಿಂದಿನ ಗುಳಿ, ಇಲ್ಲೆಲ್ಲ ಆಳವಾಗಿ ಒತ್ತಕೂಡದು. 30 ನಿಮಿಷ ಕೊಟ್ಟಿದ್ದರೆ ಇಡೀ ಮೈ ಮುಗಿಸುವ ಹಟ ಬೇಡ. ಬೆನ್ನು, ಭುಜ, ಕತ್ತನ್ನು ನೆಮ್ಮದಿಯಾಗಿ ಮಾಡಿ, ಎರಡೂ ಬದಿಗೆ ಸಮನಾಗಿ ಹೊತ್ತು ಕೊಟ್ಟು, ಸಮಯಕ್ಕೆ ಸರಿಯಾಗಿ ನಿಲ್ಲಿಸಿ.

ಮಾತಿನ ಪ್ರಶ್ನೆಗಳು

ಸ್ವೀಡಿಷ್ ಮಸಾಜ್ ಬಗ್ಗೆ ಕೇಳುವುದುಂಟು. ಅದು ಸ್ವೀಡನ್ನಿನ ವ್ಯಾಯಾಮ ಶಿಕ್ಷಕ ಪೆರ್ ಹೆನ್ರಿಕ್ ಲಿಂಗ್ ಕೊಡುಗೆ ಎಂಬ ಮಾತು ರೂಢಿಯಲ್ಲಿದೆ. ಆದರೆ ಎಫ್ಲೂರಾಜ್ (ಸವರುವುದು), ಪೆಟ್ರಿಸಾಜ್ (ನಾದುವುದು) ಮುಂತಾದ ಫ್ರೆಂಚ್ ಹೆಸರುಗಳಲ್ಲಿ ಅದನ್ನು ವಿಂಗಡಿಸಿದ ಶ್ರೇಯ ಸಲ್ಲುವುದು ಡಚ್ ವೈದ್ಯ ಯೋಹಾನ್ ಗಿಯೋರ್ಗ್ ಮೆಟ್ಸ್‌ಗರ್ (1838–1909) ಅವರಿಗೆ. ಇತಿಹಾಸ ಗೊತ್ತಿದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯ, ಸವರುವುದು, ನಾದುವುದು, ಉಜ್ಜುವುದು, ತಟ್ಟುವುದು ಎಂದು ಗ್ರಾಹಕರಿಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಲು ಬರುವುದು.

ಗ್ರಾಹಕರು ಅಸಭ್ಯವಾಗಿ ನಡೆದುಕೊಂಡರೆ ಏನು ಮಾಡುತ್ತೀರಿ ಎಂದು ಕೇಳಿದರೆ ತಡವರಿಸದೆ ಹೇಳಿ: ಕೈ ನಿಲ್ಲಿಸುತ್ತೇನೆ, ಸ್ಪಷ್ಟವಾಗಿ ಹೇಳಿ ಕೊಠಡಿಯಿಂದ ಹೊರಬರುತ್ತೇನೆ, ಮೇಲಿನವರಿಗೆ ತಿಳಿಸಿ ಬರೆದಿಡುತ್ತೇನೆ. ಆಮೇಲೆ ನೀವೂ ಕೇಳಿ, ಅಂಥ ಹೊತ್ತಿನಲ್ಲಿ ಸಂಸ್ಥೆ ಯಾರ ಪರ ನಿಲ್ಲುತ್ತದೆ? ಉತ್ತರ ನುಣುಚಿಕೊಳ್ಳುವಂತಿದ್ದರೆ ಆ ಕೆಲಸ ಬೇಡ. ದಿನಕ್ಕೆ ಎಷ್ಟು ಜನ, ನಡುವೆ ಎಷ್ಟು ಬಿಡುವು, ಗ್ರಾಹಕರು ಬಾರದ ಗಂಟೆಗೆ ಸಂಬಳವುಂಟೆ ಎಂಬುದನ್ನೂ ಕೇಳಿ ತಿಳಿಯಿರಿ.

ಹೊರಡುವ ಮೊದಲು ಬಳಸಿದ ಬಟ್ಟೆಯನ್ನು ಒಗೆಯುವ ಬುಟ್ಟಿಗೆ ಹಾಕಿ, ಎಣ್ಣೆ ಬಾಟಲಿ ಒರೆಸಿ, ಮೇಜನ್ನು ನೀವು ಬಂದಾಗ ಇದ್ದ ಎತ್ತರಕ್ಕೆ ಇಳಿಸಿಡಿ.