ನೀರು ಸುಂಡಿಲಿಗೆ ಬಣ್ಣ ಹಾಕಿದ ಬಗೆ

ಮಕ್ಕಳ ಪುಸ್ತಕಗಳಿಗೆ ಪ್ರಾಣಿಗಳ ಚಿತ್ರ ಬರೆಯುವುದು ನನ್ನ ಕಸುಬು. ಸಾಗರದ ಹತ್ತಿರದ ಹಳ್ಳಿಯ ಮನೆಯಲ್ಲೇ ಕೂತು ಬರೆಯುತ್ತೇನೆ. ಕೆಂದಳಿಲು, ನೀರುನಾಯಿ, ಮಂಗಟ್ಟೆ ಹಕ್ಕಿ ಹೀಗೆ ಹೆಚ್ಚಿನವು ನಮ್ಮ ಸೀಮೆಯವೇ. ಶಿವಮೊಗ್ಗದ ಪ್ರಕಾಶಕರೊಬ್ಬರು ನೀರಿನಂಚಿನ ಪ್ರಾಣಿಗಳ ಪುಸ್ತಕಕ್ಕೆಂದು ಕೊಟ್ಟ ಪಟ್ಟಿಯಲ್ಲಿ ಮಾತ್ರ ಇಲ್ಲಿ ಯಾರೂ ಕಾಣದ ಒಂದು ಹೆಸರಿತ್ತು: ನಿಯೋಮಿಸ್ ಫೋಡಿಯೆನ್ಸ್, ಯೂರೇಷ್ಯಾದ ನೀರು ಸುಂಡಿಲಿ. ಬ್ರಿಟನ್ನಿನಿಂದ ಸೈಬೀರಿಯದ ತನಕ ತಣ್ಣನೆಯ ತೊರೆಗಳ ದಡದಲ್ಲಿ ಬಾಳುವ ಜೀವಿ. ಫೋಟೊ ನೋಡಿ ನಕಲು ತೆಗೆಯಬಹುದಿತ್ತು. ಆದರೆ ಫೋಟೊದಿಂದ ಸಿಗುವುದು ಒಂದು ಭಂಗಿ ಅಷ್ಟೆ. ಆ ಕಾಲು ಯಾಕೆ ಹಾಗೆ ಹಿಂದಕ್ಕೆ ಚಾಚಿದೆ ಎಂದು ಗೊತ್ತಿಲ್ಲದೆ ಬರೆದ ಗೆರೆ ಸತ್ತ ಗೆರೆಯೇ.

ಅದಕ್ಕೆ ಮೊದಲು ಮನೆಯ ಸುಂಡಿಲಿಯನ್ನು ಹಿಡಿದುಕೊಂಡೆ. ಹಿಡಿಯುವ ಶ್ರಮವೂ ಬೇಕಿಲ್ಲ. ನಮ್ಮ ಬೆಕ್ಕು ಅದನ್ನು ಕೊಲ್ಲುತ್ತದೆ, ನಾತಕ್ಕೆ ಹೇಸಿ ತಿನ್ನದೆ ಜಗಲಿಯಲ್ಲಿ ಬಿಟ್ಟು ಹೋಗುತ್ತದೆ. ಬೆಳಗ್ಗೆ ಸಿಕ್ಕಿದ್ದನ್ನು ಹಳೆ ಪೇಪರಿನ ಮೇಲಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಭೂತಗನ್ನಡಿ ಹಿಡಿದು ಬರೆದೆ. ಇಲಿ ಬರೆದು ಮೂತಿ ಉದ್ದ ಮಾಡಿದರೆ ಸುಂಡಿಲಿ ಆಗುವುದಿಲ್ಲ. ಇಲಿಗೆ ಮುಂದೆ ಉಳಿಯಂಥ ಹಲ್ಲು, ಅದರ ಹಿಂದೆ ಖಾಲಿ ಜಾಗ, ಆಮೇಲೆ ದವಡೆ ಹಲ್ಲು. ಸುಂಡಿಲಿಗೆ ಆ ಖಾಲಿ ಜಾಗವೇ ಇಲ್ಲ; ಬಾಯಿ ತುಂಬ ಚೂಪು ಮುಳ್ಳುಗಳು, ಎದುರಿನ ಜೋಡಿ ಚಿಮಟದ ಹಾಗೆ ಮುಂದಕ್ಕೆ ಚಾಚಿರುತ್ತದೆ. ಇಲಿಯ ಮುಂಗಾಲಲ್ಲಿ ಎದ್ದು ಕಾಣುವ ಬೆರಳು ನಾಲ್ಕು, ಸುಂಡಿಲಿಗೆ ಐದು. ಇದು ದಂಶಕಗಳ ಕುಲಕ್ಕೇ ಸೇರಿದ್ದಲ್ಲ, ಹುಳುಹುಪ್ಪಟೆ ಹಿಡಿದು ತಿನ್ನುವ ಬೇರೆಯೇ ಬಳಗ. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಸುಂಡಿಲಿಗೆ ಇಲಿಯ ಕಿವಿ, ಇಲಿಯ ಕಾಲು ಅಂಟಿಸಿದ ಚಿತ್ರ ಎಷ್ಟು ನೋಡಿದ್ದೇನೋ. ಅದೇ ಸಿಟ್ಟಿಗೆ ಬೆರಳು ಎಣಿಸಿ ಎಣಿಸಿ ಬರೆದೆ.

ತಲೆ, ಮೂಗು, ಸೂಜಿಮೊನೆಯಷ್ಟು ಕಣ್ಣು ಇವೆಲ್ಲ ಹೀಗೆ ಕೈಗೆ ಬಂದವು. ಮನೆಯ ಸುಂಡಿಲಿ ಕಲಿಸಿದ್ದು ಅಲ್ಲಿಗೆ ಮುಗಿಯಿತು. ಹಲ್ಲಿನ ಬಣ್ಣವೇ ಬೇರೆ. ನಮ್ಮದರ ಹಲ್ಲು ಬೆಳ್ಳಗೆ. ನಿಯೋಮಿಸ್ ಹಲ್ಲಿನ ತುದಿಗಳು ಕೆಂಪು, ಎನಾಮಲ್ಲಿನಲ್ಲಿ ಕಬ್ಬಿಣದ ಅಂಶ ಕೂಡಿರುವುದರಿಂದ. ಕಾವಿಗೆ ಚೂರು ಕಂದು ಬೆರೆಸಿ ತುದಿಗಳಿಗೆ ಹಚ್ಚುತ್ತಿದ್ದಾಗ ಚಿಕ್ಕಮ್ಮ ಇಣುಕಿ, “ಇದೂ ಕವಳ ಹಾಕ್ತಾ ಮಾಣಿ?” ಎಂದರು. ಪ್ರಕಾಶಕರಿಗೂ ಅದೇ ಅನುಮಾನ ಬಂದು ಫೋನ್ ಮಾಡಿದ್ದರು, ಬಣ್ಣ ಸೋರಿದೆಯೇನೋ ಎಂದು. ಚಿತ್ರದ ಕೆಳಗೆ ಒಂದು ಸಾಲಿನ ವಿವರಣೆ ಹಾಕಿಸಿ ಉಳಿಸಿಕೊಂಡೆ.

ದೇಹದ ಉಳಿದ ಭಾಗವನ್ನು ಅದರ ಕಷ್ಟದ ಕಡೆಯಿಂದ ಯೋಚಿಸುತ್ತ ಹೋದೆ. ತೂಕ 12ರಿಂದ 18 ಗ್ರಾಂ. ಇಷ್ಟು ಪುಟ್ಟ ಬಿಸಿರಕ್ತದ ಮೈ ತಣ್ಣೀರಿಗೆ ಬಿದ್ದರೆ ಗಾಳಿಯಲ್ಲಿ ಇದ್ದದ್ದಕ್ಕಿಂತ ಸುಮಾರು 25 ಪಟ್ಟು ಬೇಗ ಶಾಖ ಸೋರುತ್ತದೆ. ಚಳಿಗಾಲಕ್ಕೆಂದು ಇದು ನಿದ್ದೆಯನ್ನೂ ಹೊಡೆಯುವುದಿಲ್ಲ, ಹಿಮ ಬಿದ್ದಾಗಲೂ ಬೇಟೆ ನಡೆಯಲೇಬೇಕು, ದಿನಕ್ಕೆ ತನ್ನ ತೂಕದ ಅರ್ಧದಷ್ಟಾದರೂ ತಿನ್ನಲೇಬೇಕು. ಉಪಾಯ ಇರುವುದು ತುಪ್ಪಳದಲ್ಲಿ. ಒತ್ತೊತ್ತಾದ ಕೂದಲ ನಡುವೆ ಗಾಳಿ ಸಿಕ್ಕಿಕೊಂಡು, ನೀರು ಚರ್ಮಕ್ಕೆ ತಾಗದ ಹಾಗೆ ಒಂದು ಪದರ ನಿಲ್ಲುತ್ತದೆ. ಹೀಗಾಗಿ ಮೇಲೆ ಕರ್ರಗಿರುವ ಪ್ರಾಣಿ ಮುಳುಗಿದ ಕೂಡಲೇ ಬೆಳ್ಳಿಯಾಗಿ ಹೊಳೆಯುತ್ತದೆ.

ಈ ಬೆಳ್ಳಿಯೇ ನನ್ನನ್ನು ಬಹಳ ಕಾಡಿದ್ದು. ಇಡೀ ಮೈಗೆ ಬೂದು ಬಳಿದರೆ ಅದು ಅಲ್ಯೂಮಿನಿಯಂ ಪಾತ್ರೆಯಾಗಿಬಿಡುತ್ತದೆ. ಉತ್ತರ ಸಿಕ್ಕಿದ್ದು ತೋಟದ ಬಸಿಗಾಲುವೆಯಲ್ಲಿ. ಅದರ ಪಕ್ಕದಲ್ಲಿ ಬೆಳೆದ ಕೆಸುವಿನ ಎಲೆಯೊಂದನ್ನು ಕೊಯ್ದು ನೀರಲ್ಲಿ ಅದ್ದಿದೆ. ಎಲೆಯ ಮೇಲೂ ಗಾಳಿಯ ತೆಳು ಪದರ ನಿಲ್ಲುತ್ತದೆ. ಎಲೆಯನ್ನು ಕಣ್ಣಿಗೆ ನೇರವಾಗಿ ಹಿಡಿದರೆ ಹಸಿರು, ಓರೆ ಮಾಡಿದರೆ ತಟ್ಟನೆ ಬೆಳ್ಳಿ. ನೀರಿನೊಳಗಿಂದ ಗಾಳಿಯ ಪದರಕ್ಕೆ ತುಂಬ ಓರೆಯಾಗಿ ಬಿದ್ದ ಬೆಳಕು ಒಳಗೆ ಹೋಗದೆ ಪೂರ್ತಿ ಹಿಂದಕ್ಕೆ ಪುಟಿಯುತ್ತದೆ. ಅಂದಮೇಲೆ ಮುಳುಗಿದ ಸುಂಡಿಲಿಯ ಮೈಯಲ್ಲೂ ನನ್ನ ಕಡೆ ನೇರ ಇರುವ ಪಕ್ಕೆಯ ನಡುಭಾಗದಲ್ಲಿ ಕಪ್ಪು ಕೂದಲು ಕಾಣಬೇಕು, ಮೈ ದುಂಡಗೆ ಆಚೆಗೆ ಬಾಗುವ ಅಂಚಿನಲ್ಲಿ ಬೆಳ್ಳಿ ಇರಬೇಕು. ಅಂಚುಗಳಲ್ಲಿ ಬಣ್ಣವನ್ನೇ ಹಾಕಲಿಲ್ಲ, ಕಾಗದದ ಬಿಳುಪನ್ನು ಹಾಗೇ ಬಿಟ್ಟೆ. ಬೆಳ್ಳಿ ಇಂಕಿನಲ್ಲಿ ಅಚ್ಚು ಹಾಕೋಣ ಎಂದು ಪ್ರಕಾಶಕರು ಉತ್ಸಾಹ ತೋರಿದ್ದರು. ಬೇಡವೇ ಬೇಡ ಎಂದೆ. ಮದುವೆ ಕಾಗದವಲ್ಲ ಇದು.

ಗಾಳಿ ಹೊತ್ತ ಮೈ ತೇಲುತ್ತದೆ ಎಂಬುದು ಇನ್ನೊಂದು ಕಷ್ಟ. ಕಾಲು ಬಡಿಯುವುದು ನಿಂತರೆ ಪ್ರಾಣಿ ಮೇಲಕ್ಕೆ ಎದ್ದುಬಿಡುತ್ತದೆ. ಅದಕ್ಕೇ ಅದರ ಮುಳುಗು ಕೆಲವೇ ಸೆಕೆಂಡುಗಳದ್ದು, ಪ್ರತಿ ಕ್ಷಣವೂ ಹೋರಾಟದ್ದು. ತಲೆ ಕೆಳಗೆ, ಹಿಂಗಾಲು ಜೋರಾಗಿ ತಳ್ಳುತ್ತಿರುವ ಭಂಗಿಯನ್ನೇ ಆರಿಸಿಕೊಂಡೆ. ಹಿಂಗಾಲಿನ ಅಂಚಿಗೆ ಬಿರುಸು ಕೂದಲಿನ ಸಾಲು ಉಂಟು; ಕಾಲು ಹಿಂದಕ್ಕೆ ತಳ್ಳುವಾಗ ಅರಳಿ, ದೋಣಿಯ ಹುಟ್ಟಿನ ಹಾಗೆ ಪಾದದ ಅಗಲ ಹೆಚ್ಚಿಸುತ್ತದೆ, ಮುಂದಕ್ಕೆ ಎಳೆದುಕೊಳ್ಳುವಾಗ ಮಡಚಿಕೊಳ್ಳುತ್ತದೆ. ಆದ್ದರಿಂದ ಒಂದು ಕಾಲಲ್ಲಿ ಅರಳಿದ ಕೂದಲು, ಇನ್ನೊಂದರಲ್ಲಿ ಮಡಚಿದ ಕೂದಲು. ಬಾಲದ ಅಡಿಗೂ ಅಂಥದೇ ಕೂದಲಿನ ಏಣು. ಇಷ್ಟನ್ನು ಮೂರು ಸೊನ್ನೆಯ, ಅಂದರೆ ತೀರ ಸಪೂರದ, ಕುಂಚದ ತುದಿಯಲ್ಲಿ ಎಳೆಯಲು ಜುಲೈ ತಿಂಗಳ ಸಾಗರ ಸರಿಯಾದ ಜಾಗವಲ್ಲ. ಕಾಗದ ಥಂಡಿ ಹೀರಿಕೊಂಡು ಗೆರೆ ಹರಡುತ್ತಿತ್ತು. ಕೊನೆಗೆ ಬಚ್ಚಲೊಲೆಯ ಪಕ್ಕ ಹಲಗೆ ಒರಗಿಸಿ, ಒಣಗಿಸಿ ಒಣಗಿಸಿ ಎಳೆದೆ.

ಮೂಗಿನ ವಿಷಯದಲ್ಲಿ ಒಂದು ಆಸೆ ಬಿಟ್ಟುಕೊಡಬೇಕಾಯಿತು. ಅಮೆರಿಕದ ನೀರು ಸುಂಡಿಲಿ ನೀರೊಳಗೂ ವಾಸನೆ ಹಿಡಿಯುತ್ತದೆ: ಮೂಗಿನಿಂದ ಗಾಳಿಗುಳ್ಳೆಯನ್ನು ವಸ್ತುವಿನ ಮೇಲೆ ಊದಿ, ಅದನ್ನೇ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಕೆನೆತ್ ಕಟಾನಿಯಾ ಎಂಬ ವಿಜ್ಞಾನಿ 2006ರಲ್ಲಿ ಇದನ್ನು ಪ್ರಕಟಿಸಿದರು. ಚಿತ್ರಗಾರನಿಗೆ ಮೂಗಿನ ತುದಿಯ ಗುಳ್ಳೆಗಿಂತ ಚೆಂದದ್ದು ಏನು ಬೇಕು? ಆದರೆ ಅದು ಸೋರೆಕ್ಸ್ ಪಾಲುಸ್ಟ್ರಿಸ್, ನಾನು ಬರೆಯುತ್ತಿರುವುದು ನಿಯೋಮಿಸ್. ಒಬ್ಬರ ಜಾಣತನವನ್ನು ಇನ್ನೊಬ್ಬರ ಮೂಗಿಗೆ ಕಟ್ಟುವುದು ಬೇಡವೆಂದು ಮೀಸೆಗಳನ್ನಷ್ಟೇ ಮುಂದಕ್ಕೆ ಚಾಚಿ ಬರೆದೆ.

ವಿಷದ ವಿಚಾರ ಚಿತ್ರದಲ್ಲಿ ತೋರಿಸಲಾಗದು. ನಿಯೋಮಿಸ್ ಜೊಲ್ಲಿನಲ್ಲಿ ನಂಜಿದೆ. ಕಪ್ಪೆ, ಸಣ್ಣ ಮೀನಿನಂಥ ಬೇಟೆಯನ್ನು ಅದು ಮಂಕಾಗಿಸುತ್ತದೆ. ಮನುಷ್ಯರಿಗೆ ಕಚ್ಚಿದರೆ ಉರಿ, ಕೆಂಪು ಅಷ್ಟೆ. ಬಾಯಲ್ಲಿ ಸಿಗಡಿಯೊಂದನ್ನು ಇಟ್ಟು ಮುಗಿಸಿದೆ.

ಹಿನ್ನೆಲೆಗಾಗಿ ಪ್ರಕಾಶಕರ ಜೊತೆ ಒಂದಿಷ್ಟು ಜಗ್ಗಾಟವಾಯಿತು. ಆಗುಂಬೆಯ ಹಳ್ಳದ ಹಾಗೆ ಪಾಚಿಗಲ್ಲು, ಜರಿಗಿಡ ಇರಲಿ, ಮಕ್ಕಳಿಗೆ ಪರಿಚಯದ್ದು ಎನಿಸುತ್ತದೆ ಎಂದು ಅವರ ವಾದ. ನಾಳೆ ಯಾವುದೋ ಮಗು ತುಂಗೆಯ ದಡದಲ್ಲಿ ಇದನ್ನು ಹುಡುಕಿ ಸುಸ್ತಾಗುವುದು ನನಗೆ ಇಷ್ಟವಿರಲಿಲ್ಲ. ಯುರೋಪಿನ ತೊರೆಬದಿಯ ಆಲ್ಡರ್ ಮರದ ಬೇರುಗಳನ್ನೇ ಬರೆದೆ. ಬೇರಿನ ನಡುವೆ ಒಂದು ಇಕ್ಕಟ್ಟಾದ ಬಿಲದ ಬಾಯಿ. ಒದ್ದೆ ಮೈಯನ್ನು ಅದರೊಳಗೆ ತೂರಿಸುವಾಗಲೇ ತುಪ್ಪಳದ ನೀರು ಹಿಂಡಿಹೋಗುತ್ತದೆ. ಅಳತೆ ಮಾತ್ರ ನಿಜವಾದದ್ದೇ ಇರಲಿ ಎಂದು ಹಟ ಹಿಡಿದೆ. ತಲೆಯಿಂದ ಬಾಲದ ಬುಡದವರೆಗೆ ಹೆಚ್ಚೆಂದರೆ 10 ಸೆಂಟಿಮೀಟರ್, ಪುಟದಲ್ಲೂ ಅಷ್ಟೇ.

ಪುಸ್ತಕ ಅಚ್ಚಿಗೆ ಹೋದ ಮೇಲೆ ಅವರೇ ಕೇಳಿದರು: ನಮ್ಮ ದೇಶದಲ್ಲಿ ಇಂಥದ್ದು ಇಲ್ಲವೇ? ಇದೆ, ಹಿಮಾಲಯದ ತೊರೆಗಳಲ್ಲಿ. ಕಿಮರೊಗೇಲ್ ಹಿಮಾಲಯಿಕಾ ಒಂದು. ಸಿಕ್ಕಿಂ ಕಡೆ ನೆಕ್ಟೊಗೇಲ್ ಎಲಿಗನ್ಸ್ ಇನ್ನೊಂದು, ಅದಕ್ಕೆ ಬೆರಳ ನಡುವೆ ಬಾತುಕೋಳಿಗಿರುವಂತೆ ಪೊರೆಯೇ ಇದೆ. ಈಗ ಕಿಮರೊಗೇಲ್ ಶುರು ಮಾಡಿದ್ದೇನೆ. ಅದರ ಹಲ್ಲು ಬಿಳಿ, ಕಾವಿ ಬೇಕಿಲ್ಲ. ಸೊಂಟದ ಮೇಲೆ ಮಾತ್ರ ಉದ್ದನೆಯ ಬಿಳಿ ಕೂದಲುಗಳು ಅಲ್ಲಲ್ಲಿ ಚಾಚಿಕೊಂಡಿರುತ್ತವೆ. ಕಪ್ಪು ಬಣ್ಣ ಒಣಗಿದ ಮೇಲೆ ಬ್ಲೇಡಿನ ಮೂಲೆಯಿಂದ ಕೆರೆದು ತೆಗೆದರೆ ಅವು ಚೆನ್ನಾಗಿ ಬರುತ್ತವೆ. ಆದರೆ ಕಾಗದ ದಪ್ಪ ಇರಬೇಕು.