ಬೋರ್ಡ್ ಮುಚ್ಚಿ ಮರ ನೋಡಿ

ಮಗಳ ಜೊತೆ ಮೊದಲ ಸಲ ಪ್ರಕೃತಿ ಕೇಂದ್ರಕ್ಕೆ ಹೋದಾಗ ನಲವತ್ತು ಮರಗಳ ಹೆಸರಿನ ಬೋರ್ಡ್ ಫೋಟೋ ತೆಗೆದುಕೊಂಡು ಬಂದಿದ್ದೆ. ಮರುದಿನ ದಾರಿಯಲ್ಲಿ ಒಂದು ಮರ ತೋರಿಸಿ ‘ಇದ್ಯಾವುದಮ್ಮಾ?’ ಅಂದಳು. ನನಗೆ ಗೊತ್ತಾಗಲಿಲ್ಲ. ಅದೇ ಜಾತಿಯ ಮರದ ಬೋರ್ಡ್ ನನ್ನ ಫೋನಿನಲ್ಲಿತ್ತು.

ಆಮೇಲೆ ರೀತಿ ಬದಲಿಸಿದೆವು. ಈಗ ಒಂದು ಸಲಕ್ಕೆ ಮೂರೇ ಮರ. ಒಬ್ಬರು ಬೋರ್ಡಿಗೆ ಕೈ ಅಡ್ಡ ಹಿಡಿಯುತ್ತೇವೆ, ಇನ್ನೊಬ್ಬರು ಮರ ನೋಡಿ ಕಂಡದ್ದನ್ನೆಲ್ಲ ಹೇಳಬೇಕು. ಹೆಸರು ಕೊನೆಗೆ.

ಎಲೆಯಿಂದ ಶುರು ಮಾಡಿ. ಬೇವಿನ ಕಡ್ಡಿಯಲ್ಲಿ ಸಾಲಾಗಿ ಹತ್ತಾರು ಎಲೆ ಕಾಣುತ್ತವೆ, ಅಲ್ವಾ? ಅಷ್ಟೂ ಸೇರಿ ಒಂದೇ ಎಲೆ. ಎಲೆಯ ತೊಟ್ಟು ರೆಂಬೆಗೆ ಸೇರುವ ಕಂಕುಳಲ್ಲಿ ಪುಟ್ಟ ಮೊಗ್ಗು ಇರುತ್ತದೆ. ಸಾಲಿನಲ್ಲಿರುವ ಕಿರುಎಲೆಗಳ ಬುಡದಲ್ಲಿ ಅದು ಇರುವುದಿಲ್ಲ. ಇದೊಂದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ. ಆಮೇಲೆ ಜೋಡಣೆ ನೋಡಿ. ತೇಗದ ಎಲೆಗಳು ಸಾಮಾನ್ಯವಾಗಿ ಎದುರುಬದುರು ಜೋಡಿಯಾಗಿರುತ್ತವೆ. ಆಲದಲ್ಲಿ ಒಂದು ಈ ಕಡೆ, ಒಂದು ಆ ಕಡೆ. ಎಲೆ ಕೀಳಬೇಡಿ, ಬಿದ್ದದ್ದು ಬೇಕಾದಷ್ಟು ಸಿಗುತ್ತದೆ. ಕೇಂದ್ರದವರು ಒಪ್ಪಿದರೆ ಮಾತ್ರ ತೇಗದ ಎಳೆ ಎಲೆಯನ್ನು ಬೆರಳಲ್ಲಿ ಉಜ್ಜಿ, ಕೆಂಪು ಬಣ್ಣ ಹತ್ತುತ್ತದೆ. ಮಗಳು ತೇಗವನ್ನು ಮರೆಯದಿರುವುದು ಇದರಿಂದಲೇ.

ತೊಗಟೆಗೆ ಕಾಗದ ಒತ್ತಿ ಕ್ರೇಯಾನ್ ಉಜ್ಜಿದರೆ ಅದರ ಗೆರೆಗಳು ಮೂಡುತ್ತವೆ. ಜೊತೆಗೆ ಟೈಲರ್ ಟೇಪ್ ಒಯ್ಯಿರಿ. ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯಬೇಕು, ಏಕೆಂದರೆ ಬುಡ ಉಬ್ಬಿರುತ್ತದೆ. ಇಳಿಜಾರಿದ್ದರೆ ಮೇಲಿನ ಬದಿಯ ನೆಲದಿಂದ ಲೆಕ್ಕ.

ಅಡ್ಡ ಕೊಯ್ದ ದಿಮ್ಮಿ ಇಟ್ಟಿದ್ದರೆ ಉಂಗುರ ಎಣಿಸಿ. ತೇಗದಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಎಲ್ಲ ಮರದ ವಯಸ್ಸನ್ನೂ ಹೀಗೆ ಹೇಳಬಹುದು ಅಂತ ಮಕ್ಕಳಿಗೆ ಹೇಳಬೇಡಿ. ವರ್ಷವಿಡೀ ತೇವ ಇರುವ ಕಾಡಿನ ಎಷ್ಟೋ ಮರಗಳಲ್ಲಿ ಉಂಗುರ ಸ್ಪಷ್ಟವಾಗಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಕೆಲಸ ದೊಡ್ಡ ಮರದ ಕೆಳಗೆ ಕೂತು ನೆಲ ನೋಡುವುದು. ನಾಲ್ಕು ಮೀಟರ್ ಹಗ್ಗದಿಂದ ಒಂದು ಮೀಟರ್ ಚೌಕ ಮಾಡಿ. ಅದರೊಳಗಿನ ಸಸಿಗಳನ್ನು ಮುಟ್ಟದೆ ಎಣಿಸಿ. ಎಷ್ಟು ಬಗೆ? ಮೇಲಿರುವ ಮರದ್ದೇ ಮರಿಗಳು ಎಷ್ಟು? ಬೇರೆಯವು ಹಕ್ಕಿಯ ಹಿಕ್ಕೆಯಲ್ಲೋ ಗಾಳಿಯಲ್ಲೋ ಬಂದಿರುತ್ತವೆ. ಬಿಸಿಲು ಬೇಡುವ ಸಸಿಗಳು ನೆರಳಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ನೆರಳು ತಡೆಯುವವು ವರ್ಷಗಟ್ಟಲೆ ಗಿಡ್ಡವಾಗಿಯೇ ಕಾಯುತ್ತವೆ. ದೊಡ್ಡ ಮರ ಬಿದ್ದು ಬೆಳಕು ಇಳಿದಾಗ ಸರ್ರನೆ ಮೇಲೇಳುತ್ತವೆ. ಮುಂದೆ ಇಲ್ಲಿ ಯಾವ ಕಾಡು ಇರುತ್ತದೆ ಅನ್ನುವುದರ ಸುಳಿವು ನಿಮ್ಮ ಮೊಣಕಾಲಿನ ಕೆಳಗೇ ಇದೆ. ಕೇಂದ್ರದ ಮಾರ್ಗದರ್ಶಿಗೆ ಕೇಳಬೇಕಾದ ಪ್ರಶ್ನೆಯೂ ಇದೇ: ‘ಇವುಗಳಲ್ಲಿ ಕಾಯುವ ಸಸಿ ಯಾವುದು?’

ಚೌಕದ ಜಾಗವನ್ನು ಬರೆದಿಟ್ಟುಕೊಂಡು ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗಿ. ನಮ್ಮ ಚೌಕದಲ್ಲಿ ಮೊದಲು ಹನ್ನೊಂದು ಸಸಿ ಇದ್ದವು, ಎರಡನೇ ಸಲ ನಾಲ್ಕು. ಅದರಲ್ಲಿ ಒಂದಕ್ಕೆ ಹೊಸ ಎಲೆ ಬಂದಿತ್ತು.